ಹೊಲದ ಕೆಲಸಕ್ಕೂ ಹೆರಿಗೆ ರಜೆಯ ದುಡ್ಡಿದೆ: ಮಾತೃವಂದನಾ ಯೋಜನೆಗೆ ಈಗ ಯಾರು ಅರ್ಹರು?



ಈ ವಾರ ಗೊಬ್ಬರ, ಔಷಧಿ, ಅಡಿಕೆ ರೇಟು ಯಾವುದೂ ಇಲ್ಲ. ಈ ವಾರ ರಜೆಯ ವಿಷಯ. ಬೇಸಾಯದವರಿಗೆ ಎಂಥ ರಜೆ ಅಂತ ನಗಬೇಡಿ. ನಾನೂ ಹಾಗೇ ಅಂದುಕೊಂಡು 6,000 ರೂಪಾಯಿ ಕಳೆದುಕೊಂಡವನು. ನಿಮ್ಮ ಮನೆಯಲ್ಲಿ ಹೀಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ಗದ್ದೆ, ತೋಟ ಇರೋದು ಭದ್ರಾವತಿ ಕಡೆ, ಭದ್ರಾ ನಾಲೆಯ ನೀರಿನಲ್ಲಿ. 2018ರಲ್ಲಿ ಮೊದಲ ಮಗಳು ಹುಟ್ಟಿದಾಗ ಮಾತೃವಂದನಾ ಯೋಜನೆಯಲ್ಲಿ ಮೂರು ಕಂತಿನಲ್ಲಿ 5,000 ರೂಪಾಯಿ ಬಂದಿತ್ತು. "ಇದು ಮೊದಲ ಮಗುವಿಗೆ ಮಾತ್ರ" ಎಂದು ಆಗ ಕೇಳಿದ್ದು ತಲೆಯಲ್ಲಿ ಹಾಗೇ ಉಳಿದುಬಿಟ್ಟಿತು.

2023ರ ನವೆಂಬರಿನಲ್ಲಿ ಎರಡನೇ ಮಗಳು ಹುಟ್ಟಿದಳು. ಅದಕ್ಕೆ ಮೊದಲು ಕೊನೆ ಕೊಯ್ಲು ಶುರುವಾಗಿತ್ತು. ಎಂಟು ತಿಂಗಳು ತುಂಬುವವರೆಗೂ ನನ್ನ ಹೆಂಡತಿ ತೋಟದ ಮನೆಯಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದಳು. ಕೂತು ಮಾಡೋ ಕೆಲಸ ತಾನೇ ಅಂತ ನಾವೆಲ್ಲ ಸುಮ್ಮನಿದ್ದೆವು. ಅಂಗನವಾಡಿ ಟೀಚರ್ ತಾಯಿ ಕಾರ್ಡ್ ತಗೊಂಡು ಬನ್ನಿ ಅಂತ ಹೇಳಿ ಕಳಿಸಿದ್ದರು. "ಎರಡನೇದಕ್ಕೆ ದುಡ್ಡು ಬರಲ್ಲ ಬಿಡು" ಅಂತ ನಾನೇ ಹೋಗಲಿಲ್ಲ.

ನಿಯಮ ಬದಲಾಗಿ ಆಗಲೇ ವರ್ಷ ದಾಟಿತ್ತು. ಗೊತ್ತಾಗುವ ಹೊತ್ತಿಗೆ ಮಗುವಿಗೆ ಹತ್ತು ತಿಂಗಳು, ಅರ್ಜಿಯ ಗಡುವು ಮುಗಿದಿತ್ತು. ಆವತ್ತು ಹೆಂಡತಿ ಅಂದ ಮಾತು ಇಷ್ಟೇ: "ಆಮೇಲೆ ಆರು ಸಾವಿರ ಬರುತ್ತೆ ಅಂತ ಗೊತ್ತಿದ್ದಿದ್ರೆ, ನನ್ನ ಬದಲಿಗೆ ಇನ್ನೊಬ್ಬರನ್ನ ಕರೆದು ನಾನು ಎದ್ದುಬಿಡ್ತಿದ್ದೆ ಕಣ್ರೀ."

ಈ ದುಡ್ಡು ಯಾಕೆ ಇದೆ ಅನ್ನೋದು ನನಗೆ ಆವತ್ತು ಅರ್ಥ ಆಯಿತು.

ರಜೆ ಯಾರಿಗಿದೆ, ಯಾರಿಗಿಲ್ಲ?

ಕಾರ್ಖಾನೆ, ಕಂಪನಿ, ದೊಡ್ಡ ಅಂಗಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಹೆರಿಗೆ ಸೌಲಭ್ಯದ ಕಾನೂನು ಇದೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಂಬಳ ಸಹಿತ ರಜೆ. 2017ರಲ್ಲಿ ಈ ರಜೆಯನ್ನು ಮೊದಲ ಎರಡು ಮಕ್ಕಳಿಗೆ 12 ವಾರದಿಂದ 26 ವಾರಕ್ಕೆ ಏರಿಸಿದರು. ರಾಜ್ಯ ಸರ್ಕಾರಿ ನೌಕರರಿಗೆ 180 ದಿನ. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯ ಸಂಪುಟ ಮುಟ್ಟಿನ ರಜೆಗೂ ಒಪ್ಪಿಗೆ ಕೊಟ್ಟಿತು: ತಿಂಗಳಿಗೆ ಒಂದು ದಿನದಂತೆ ವರ್ಷಕ್ಕೆ 12 ದಿನ.

ಇವೆಲ್ಲ ಒಳ್ಳೆಯವೇ. ಆದರೆ ಎಲ್ಲಕ್ಕೂ ರಜೆ ಕೊಡುವ ಮಾಲೀಕ ಒಬ್ಬ ಬೇಕು, ಹಾಜರಿ ಪುಸ್ತಕ ಬೇಕು. ಸ್ವಂತ ಗದ್ದೆಯಲ್ಲಿ ನಾಟಿ ಮಾಡುವವಳಿಗೆ, ಇವತ್ತು ಒಬ್ಬರ ತೋಟ ನಾಳೆ ಇನ್ನೊಬ್ಬರ ತೋಟ ಅಂತ ಕೂಲಿಗೆ ಹೋಗುವವಳಿಗೆ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು?

2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಇವರಿಗೂ ಒಂದು ಹಕ್ಕು ಬರೆದಿದ್ದಾರೆ. ಗರ್ಭಿಣಿ, ಬಾಣಂತಿಯರಿಗೆ 6,000 ರೂಪಾಯಿಗೆ ಕಡಿಮೆ ಇಲ್ಲದ ಹೆರಿಗೆ ನೆರವು ಸಿಗಬೇಕು ಅಂತ. ಅದನ್ನು ಜಾರಿಗೆ ತರಲು ಬಂದದ್ದೇ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಹೆರಿಗೆಗೆ ಮೊದಲು ಮತ್ತು ನಂತರ ವಿಶ್ರಾಂತಿ ತೆಗೆದುಕೊಳ್ಳಲು, ತಪ್ಪಿದ ಕೂಲಿಗೆ ಭಾಗಶಃ ಪರಿಹಾರ ಅಂತ ಯೋಜನೆಯ ಉದ್ದೇಶದಲ್ಲೇ ಇದೆ. ಅಂದರೆ ಇದು ನಮ್ಮ ಮನೆಗಳ ಹೆರಿಗೆ ರಜೆಯ ಸಂಬಳ.

ಏನೇನು ಬದಲಾಯಿತು?

2017ರ ಜನವರಿ 1ರಿಂದ ಇದ್ದ ಹಳೆ ನಿಯಮ, 2022ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ನಿಯಮ, ಎರಡನ್ನೂ ಜೊತೆಗಿಟ್ಟು ನೋಡಿ.

• ಹಿಂದೆ ಮೊದಲ ಮಗುವಿಗೆ ಮಾತ್ರ. ಈಗ ಎರಡನೇ ಮಗು ಹೆಣ್ಣಾದರೆ ಅದಕ್ಕೂ ಇದೆ, ಒಂದೇ ಕಂತಿನಲ್ಲಿ 6,000 ರೂಪಾಯಿ.

• ಹಿಂದೆ ಮೊದಲ ಮಗುವಿನ 5,000 ರೂಪಾಯಿ 1,000, 2,000, 2,000 ಎಂದು ಮೂರು ಕಂತಿನಲ್ಲಿ ಬರುತ್ತಿತ್ತು. ಈಗ ಎರಡೇ ಕಂತು: 3,000 ಮತ್ತು 2,000.

• ಹಿಂದೆ ಗಂಡನ ಆಧಾರ್ ಕೇಳುತ್ತಿದ್ದರು. ಈಗ ಅದು ಕಡ್ಡಾಯ ಅಲ್ಲ. ಗಂಡ ತೀರಿಕೊಂಡವರು, ಬಿಟ್ಟು ಹೋದವರು, ಒಂಟಿ ತಾಯಂದಿರು ಇದೇ ಕಾರಣಕ್ಕೆ ಹೊರಗೆ ಉಳಿಯುತ್ತಿದ್ದರು.

• ಹಿಂದೆ ಒಂದು ಕಂತು ಪಡೆದ ಮೇಲೆ ಗರ್ಭಪಾತ ಆದರೆ, ಮುಂದಿನ ಬಸಿರಿಗೆ ಉಳಿದ ಕಂತು ಮಾತ್ರ. ಈಗ ಅವರನ್ನು ಹೊಸ ಫಲಾನುಭವಿ ಎಂದೇ ಪರಿಗಣಿಸಬೇಕು.

• ಹೊಸದಾಗಿ ಅರ್ಹತೆಯ ಪಟ್ಟಿಯೊಂದು ಬಂತು. ಈಗ ಗರ್ಭಿಣಿ ಆ ಪಟ್ಟಿಯ ಯಾವುದಾದರೂ ಒಂದು ಗುಂಪಿಗೆ ಸೇರಿರಬೇಕು.

ಕೊನೆಯ ಅಂಶವೇ ಈ ಲೇಖನದ ಮುಖ್ಯ ಪಾಠ. ಅದನ್ನು ಬಿಡಿಸಿ ನೋಡೋಣ.

ಯಾವ ಕಾಗದದಲ್ಲಿ ಅವಳ ಹೆಸರಿದೆ?

ಕೆಳಗಿನವುಗಳಲ್ಲಿ ಒಂದು ಇದ್ದರೆ ಸಾಕು:

1. ಆಹಾರ ಭದ್ರತಾ ಕಾಯ್ದೆಯ ರೇಷನ್ ಕಾರ್ಡ್, ಅಂದರೆ ನಮ್ಮ ಬಿಪಿಎಲ್ ಅಥವಾ ಅಂತ್ಯೋದಯ ಕಾರ್ಡ್
2. ಉದ್ಯೋಗ ಖಾತರಿ ಜಾಬ್ ಕಾರ್ಡ್
3. ಇ-ಶ್ರಮ್ ಕಾರ್ಡ್
4. ಪಿಎಂ ಕಿಸಾನ್ ಫಲಾನುಭವಿ ರೈತ ಮಹಿಳೆ
5. ಆಯುಷ್ಮಾನ್ ಭಾರತ್ ಫಲಾನುಭವಿ
6. ಪರಿಶಿಷ್ಟ ಜಾತಿ ಅಥವಾ ಪಂಗಡ
7. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ
8. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ
9. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿ ಅಥವಾ ಆಶಾ ಕಾರ್ಯಕರ್ತೆ

ಪಟ್ಟಿ ಓದಿದರೆ ಎಲ್ಲರೂ ಒಳಗೆ ಬರುತ್ತಾರೆ ಅನಿಸುತ್ತೆ. ಆದರೆ ನಮ್ಮಂಥ ಮನೆಗಳಲ್ಲಿ ಎಡವೋದು ಎಲ್ಲಿ ಅಂತ ಹೇಳ್ತೀನಿ.

ನನ್ನ ತಮ್ಮನ ಹೆಂಡತಿ ಬಸುರಿ ಎಂದು ಗೊತ್ತಾದಾಗ ನಾನು ಹಳೆ ತಪ್ಪು ಮಾಡಬಾರದು ಅಂತ ಮನೆಯ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಪಹಣಿ ಅಪ್ಪನ ಹೆಸರಲ್ಲಿ. ಪಿಎಂ ಕಿಸಾನ್ ಬರೋದೂ ಅಪ್ಪನ ಖಾತೆಗೆ. ಅದರಿಂದ ಸೊಸೆ "ಫಲಾನುಭವಿ ರೈತ ಮಹಿಳೆ" ಆಗಲ್ಲ. ರೇಷನ್ ಕಾರ್ಡ್ ಎಪಿಎಲ್, ಅದರಲ್ಲೂ ಅವಳ ಹೆಸರು ಇನ್ನೂ ತವರಿನ ಕಾರ್ಡಿನಲ್ಲೇ ಇತ್ತು. ಜಾಬ್ ಕಾರ್ಡ್ ನಮ್ಮ ಹತ್ತಿರ ಇಲ್ಲ. ದಿನಾ ಗದ್ದೆಯಲ್ಲಿ ದುಡಿಯುವ ಹುಡುಗಿ, ಆದರೆ ದುಡಿಯುತ್ತಾಳೆ ಎನ್ನುವ ಒಂದು ಕಾಗದವೂ ಅವಳ ಹೆಸರಲ್ಲಿ ಇರಲಿಲ್ಲ.

ನಮಗೆ ದಾರಿ ಆಗಿದ್ದು ಎಂಟನೆಯದು. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆವು. ಎಪಿಎಲ್ ಕಾರ್ಡ್ ಇರುವ ಅಡಿಕೆ ಬೆಳೆಗಾರರು "ನಮಗೆಲ್ಲ ಇದು ಬರಲ್ಲ" ಅಂತ ಕೈ ಬಿಡುತ್ತಾರೆ. ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಬಿಡಬೇಡಿ.

ಇ-ಶ್ರಮ್ ಬಗ್ಗೆ ಒಂದು ಮಾತು. ಅದು ಕೃಷಿ ಕೂಲಿಕಾರರಿಗೆ ಮತ್ತು ಭೂಮಿ ಇಲ್ಲದ ರೈತರಿಗೆ. ನಿಮ್ಮ ತೋಟಕ್ಕೆ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಇದನ್ನು ತಿಳಿಸಿ, ಮಾಡಿಸಿಲ್ಲದಿದ್ದರೆ ಮೊಬೈಲಿನಲ್ಲೇ ಮಾಡಿಸಿಕೊಡಿ.

ಯಾರಿಗೆ ಸಿಗಲ್ಲ? ಸರ್ಕಾರಿ ಮತ್ತು ಸಾರ್ವಜನಿಕ ಉದ್ದಿಮೆಗಳ ಕಾಯಂ ನೌಕರರಿಗೆ, ಬೇರೆ ಕಾಯ್ದೆಯಲ್ಲಿ ಇಂಥದೇ ಸೌಲಭ್ಯ ಪಡೆಯುವವರಿಗೆ ಇಲ್ಲ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದು ಇಎಸ್‌ಐ ಕಟ್ಟುತ್ತಿದ್ದರೆ ಅಲ್ಲಿನ 26 ವಾರದ ಸೌಲಭ್ಯವನ್ನೇ ಕೇಳಿ. ಅದು ಇದಕ್ಕಿಂತ ಎಷ್ಟೋ ದೊಡ್ಡದು.

ವಯಸ್ಸಿನ ನಿಯಮವೂ ಇದೆ. ತಾಯಿಗೆ ಕನಿಷ್ಠ 18 ವರ್ಷ 7 ತಿಂಗಳು ಆಗಿರಬೇಕು.

ದಿನಾಂಕ ತಪ್ಪಿದರೆ ಎಲ್ಲವೂ ತಪ್ಪಿತು

ಬೆಳೆವಿಮೆಗೆ ಗಡುವು ನೆನಪಿಟ್ಟುಕೊಳ್ಳುತ್ತೇವಲ್ಲ, ಹಾಗೇ ಇದನ್ನೂ ಮೊಬೈಲಿನಲ್ಲಿ ರಿಮೈಂಡರ್ ಹಾಕಿಡಿ.

• ಮೊದಲ ಕಂತು, 3,000: ಕೊನೆಯ ಮುಟ್ಟಿನ ದಿನದಿಂದ ಆರು ತಿಂಗಳ ಒಳಗೆ ಗರ್ಭ ನೋಂದಣಿ ಆಗಿ, ಕನಿಷ್ಠ ಒಂದು ತಪಾಸಣೆ ಆಗಿರಬೇಕು. ತಾಯಿ ಕಾರ್ಡಿನಲ್ಲಿ ಆ ದಿನಾಂಕ ಬರೆದಿದೆಯಾ ನೋಡಿಕೊಳ್ಳಿ.

• ಎರಡನೇ ಕಂತು, 2,000: ಮಗುವಿನ ಜನನ ನೋಂದಣಿ ಆಗಿ, 14ನೇ ವಾರದವರೆಗಿನ ಲಸಿಕೆಗಳ ಸುತ್ತು ಮುಗಿದಿರಬೇಕು.

• ಎರಡನೇ ಮಗು ಹೆಣ್ಣಾದರೆ, 6,000: ಜನನ ನೋಂದಣಿ, ಲಸಿಕೆ ಇವೆಲ್ಲ ಬೇಕು. ಅದರ ಜೊತೆಗೆ ಬಸಿರಿನಲ್ಲಿದ್ದಾಗಲೇ ನೋಂದಣಿ ಆಗಿರಬೇಕು. ಇದು ಕಡ್ಡಾಯ. ನಾನು ಬಿದ್ದದ್ದು ಇಲ್ಲೇ.

• ಎರಡನೇ ಮಗುವಿನ ಅರ್ಜಿಗೆ ಹುಟ್ಟಿದ ದಿನದಿಂದ 270 ದಿನ ಗಡುವು. ಮೊದಲನೆಯದೋ ಎರಡನೆಯದೋ, ಎರಡಕ್ಕೂ ಇದೇ ಲೆಕ್ಕ ಇಟ್ಟುಕೊಂಡರೆ ಎಡವುವುದಿಲ್ಲ.

ಹೆಣ್ಣೋ ಗಂಡೋ ಮೊದಲೇ ಗೊತ್ತಿರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಅದನ್ನು ಕೇಳುವುದೂ ಹೇಳುವುದೂ 1994ರ ಕಾಯ್ದೆ ಪ್ರಕಾರ ಅಪರಾಧ. ಹಾಗಾಗಿ ಎರಡನೇ ಬಸಿರು ಅಂದರೆ ಕಣ್ಣು ಮುಚ್ಚಿಕೊಂಡು ನೋಂದಣಿ ಮಾಡಿಸಿ. ಅವಳಿ ಹುಟ್ಟಿ ಒಂದು ಹೆಣ್ಣಾದರೂ ದುಡ್ಡು ಸಿಗುತ್ತದೆ.

ಅರ್ಜಿ ಹಾಕುವಾಗ

ಅರ್ಜಿ ಹಾಕೋದು ಅಂಗನವಾಡಿಯಲ್ಲಿ. ಹಳ್ಳಿಯಾದರೂ ಸರಿ, ವಿನೋಬನಗರದಂಥ ಪೇಟೆಯ ಬಡಾವಣೆಯಾದರೂ ಸರಿ. ಯೋಜನೆಯ ಪೋರ್ಟಲ್‌ನಲ್ಲಿ ನಾವೇ ಹಾಕುವ ಅವಕಾಶವೂ ಇದೆ, ಆದರೆ ನನ್ನ ಸಲಹೆ ಟೀಚರ್ ಜೊತೆಯಲ್ಲೇ ಕೂತು ಹಾಕಿಸಿ. ಮುಖ ದೃಢೀಕರಣ ಇರುವುದರಿಂದ ಗರ್ಭಿಣಿಯೇ ಹೋಗಬೇಕು.

ಹೋಗುವ ಮೊದಲು ಮೂರು ವಿಷಯ ನೋಡಿಕೊಳ್ಳಿ.

ಒಂದು, ಬ್ಯಾಂಕ್ ಖಾತೆ ಅವಳದೇ ಆಗಿರಬೇಕು, ಆಧಾರ್‌ಗೆ ಜೋಡಣೆ ಆಗಿರಬೇಕು. ನಮ್ಮ ಮನೆಯಲ್ಲಿ ಗೃಹಲಕ್ಷ್ಮಿ ದುಡ್ಡು ಅಮ್ಮನ ಖಾತೆಗೆ ಬರುತ್ತೆ. "ಇದನ್ನೂ ಅದಕ್ಕೇ ಹಾಕಿಸಿದ್ರಾಯ್ತಲ್ಲ" ಅಂದರು ಅಮ್ಮ. ಆಗಲ್ಲ. ಮೈ ಆಧಾರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿದರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಗೊತ್ತಾಗುತ್ತದೆ. ಮದುವೆಗೆ ಮೊದಲು ತವರಿನಲ್ಲಿ ತೆರೆದು ಮರೆತ ಖಾತೆಗೆ ಜೋಡಣೆ ಆಗಿದ್ದರೆ ದುಡ್ಡು ಅಲ್ಲಿಗೇ ಹೋಗುತ್ತದೆ.

ಎರಡು, ಆಧಾರ್, ಬ್ಯಾಂಕ್ ಪಾಸ್‌ಬುಕ್, ತಾಯಿ ಕಾರ್ಡ್ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇನಿಶಿಯಲ್ ಒಂದರಲ್ಲಿ ಅಪ್ಪನದು, ಒಂದರಲ್ಲಿ ಗಂಡನದು ಇದ್ದರೆ ಮೊದಲೇ ಸರಿ ಮಾಡಿಸಿ.

ಮೂರು, ಬಾಣಂತನಕ್ಕೆ ತವರಿಗೆ ಹೋಗುವುದಿದ್ದರೆ ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ, ತಾಯಿ ಕಾರ್ಡ್ ಜೊತೆಯಲ್ಲೇ ಹೋಗಲಿ. ಲಸಿಕೆ ಅಲ್ಲಿ ಹಾಕಿಸಿದರೆ ಅದು ಕಾರ್ಡಿನಲ್ಲಿ ದಾಖಲಾಗಬೇಕು.

ಈ ದುಡ್ಡಿನಿಂದ ಎಷ್ಟು ದಿನದ ರಜೆ?

ಲೆಕ್ಕ ಹಾಕಿ ನೋಡೋಣ. 2017-18ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿ ಕೂಲಿ ದಿನಕ್ಕೆ 236 ರೂಪಾಯಿ. ಆಗ 5,000 ಅಂದರೆ 21 ದಿನದ ಕೂಲಿ. 2025-26ರಲ್ಲಿ ಆ ಕೂಲಿ 370 ರೂಪಾಯಿ. ಆ ವರ್ಷ 5,000 ಅಂದರೆ 13 ದಿನದ ಕೂಲಿ ಅಷ್ಟೆ. ಅರ್ಹತೆಯ ಬಾಗಿಲು ಅಗಲ ಆಯಿತು, ಮೊದಲ ಮಗುವಿನ ಮೊತ್ತ ಮಾತ್ರ ಇದ್ದಲ್ಲೇ ಇದೆ. ಕಾರ್ಖಾನೆಯವಳಿಗೆ 26 ವಾರ, ನಮ್ಮವಳಿಗೆ ಎರಡು ವಾರ. ಇದನ್ನು ಗ್ರಾಮಸಭೆಯಲ್ಲಿ, ರೈತ ಸಂಘಟನೆಗಳಲ್ಲಿ ಕೇಳಬೇಕಾದವರು ನಾವೇ.

ಉಳಿದ ವಾರಗಳ ರಜೆ ಕೊಡಬೇಕಾದವರು ಯಾರು? ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಒಂದು ನಿಯಮ ಇದೆ: ಹೆರಿಗೆಯಾದ ಆರು ವಾರ ಯಾವ ಮಾಲೀಕನೂ ಗೊತ್ತಿದ್ದೂ ಆಕೆಯನ್ನು ಕೆಲಸಕ್ಕೆ ಹಚ್ಚುವಂತಿಲ್ಲ. ಹೆರಿಗೆಗೆ ಮೊದಲು ಆಕೆ ಕೇಳಿಕೊಂಡರೆ ತುಂಬ ಹೊತ್ತು ನಿಲ್ಲುವ, ಮೈ ದಣಿಯುವ ಕೆಲಸ ಕೊಡುವಂತಿಲ್ಲ. ನಮ್ಮ ಗದ್ದೆಗೆ ಈ ಕಾಯ್ದೆ ಬರುವುದಿಲ್ಲ. ಆದರೆ ನಮ್ಮ ಗದ್ದೆಯಲ್ಲಿ ಮಾಲೀಕರು ನಾವೇ ಅಲ್ವಾ? ಗಂಡ, ಮಾವ, ಭಾವ, ಅತ್ತೆ. ನಾವೇ ಪಾಲಿಸಿದರೆ ಬೇಡ ಅನ್ನುವವರು ಯಾರೂ ಇಲ್ಲ.

ಈ ಸಲ ಕೊಯ್ಲಿನ ಹೊತ್ತಿಗೆ ತಮ್ಮನ ಹೆಂಡತಿಗೆ ಏಳು ತಿಂಗಳು ತುಂಬಿತ್ತು. 3,000 ರೂಪಾಯಿ ಅವಳ ಖಾತೆಗೆ ಬಂದಿತ್ತು. ಅಡಿಕೆ ಸುಲಿಯಲು ಒಬ್ಬರನ್ನು ಹೆಚ್ಚಿಗೆ ಕರೆದೆವು, ಆ ಕೂಲಿಯನ್ನು ಮನೆಯಿಂದಲೇ ಕೊಟ್ಟೆವು. ಅವಳ ದುಡ್ಡು ಅವಳ ಹತ್ತಿರವೇ ಇದೆ. "ಸುಮ್ನೆ ಕೂತ್ರೆ ಏನೋ ಒಂಥರಾ ಆಗುತ್ತೆ ಭಾವ" ಅಂದಳು. ಅಮ್ಮ ಒಳಗಿಂದಲೇ ಕೂಗಿದರು, "ಕೂತ್ಕೊಳ್ಳೇ ಮಾರಾಯ್ತಿ, ರಜಾ ಹಾಕಿದೀಯ."

ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಇವತ್ತು ಸಂಜೆಯೇ ಕಾಗದದ ಚೀಲ ತೆಗೆದು ನೋಡಿ, ಅವಳ ಹೆಸರು ಎಲ್ಲೆಲ್ಲಿದೆ ಅಂತ. ಎಲ್ಲೂ ಇಲ್ಲದಿದ್ದರೆ ನಾಳೆಯೇ ನಾಡಕಚೇರಿಗೆ ಹೋಗಿ. ಆರು ತಿಂಗಳು ಅನ್ನೋದು ನಾಟಿಯಿಂದ ಕೊಯ್ಲು ಮುಗಿಯುವಷ್ಟರಲ್ಲಿ ಕಳೆದುಹೋಗುತ್ತದೆ.

ಮುಂದಿನ ವಾರ ಸಿಗೋಣ.