ಗರಡಿಗೆ ಹೋಗುವ ಹುಡುಗನಿಗೆ

ತಮ್ಮಾ, ಹದಿನಾರಕ್ಕೇ ಭಾರ ಎತ್ತಿದರೆ ಕುಳ್ಳನಾಗುತ್ತೀಯ ಎಂದು ಹೆದರಿಸುವವರ ಮಾತಿಗೆ ಕಿವಿಗೊಡಬೇಡ. ಉಸ್ತಾದರ ಕಣ್ಣೆದುರು ಸರಿಯಾದ ಭಂಗಿಯಲ್ಲಿ ಎತ್ತಿದರೆ ಮೂಳೆಗೂ ಒಳ್ಳೆಯದೇ. ವಾರಕ್ಕೆ 2-3 ದಿನ ಸಾಕು. ಯಾರು ಹೆಚ್ಚು ಎತ್ತುತ್ತಾರೆಂದು ಗೆಳೆಯರೊಡನೆ ಪಂದ್ಯ ಕಟ್ಟಬೇಡ. 10-12 ಸಲ ಎತ್ತಲಾಗುವಷ್ಟೇ ಹಾಕಿಕೊ. ದಂಡ, ಬಸ್ಕಿ, ಹಗ್ಗ ಹತ್ತುವುದನ್ನು ಮಾತ್ರ ಬಿಡಬೇಡ.

ಇನ್ನು ಡಬ್ಬಿಯ ಪ್ರೋಟೀನ್ ಪುಡಿ. 55 ಕಿಲೋ ತೂಗುವ ಹುಡುಗನಿಗೆ ದಿನಕ್ಕೆ 80-90 ಗ್ರಾಂ ಪ್ರೋಟೀನ್ ಧಾರಾಳ. ಮೊಟ್ಟೆಯೊಂದರಲ್ಲಿ ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8; ಮೊಳಕೆ ಹೆಸರುಕಾಳು, ಬೇಳೆ, ಶೇಂಗಾ, ಮೊಸರು, ತಿನ್ನುವವರಾದರೆ ಕೋಳಿ, ಮೀನು. ಅಡುಗೆಮನೆಯಲ್ಲೇ ಲೆಕ್ಕ ತುಂಬುತ್ತದೆ. ಪುಡಿಗೆ ಸುರಿಯುವ ದುಡ್ಡನ್ನು ಅವ್ವನ ಕೈಗೆ ಕೊಡು. ಬೇಗ ಮೈ ಕಟ್ಟುತ್ತದೆಂದು ಯಾರಾದರೂ ಮಾತ್ರೆ, ಇಂಜೆಕ್ಷನ್ ತೋರಿಸಿದರೆ ಅಲ್ಲಿಂದ ಎದ್ದು ಬಾ. ಸ್ಟೆರಾಯ್ಡ್ ಬೆಳೆಯುವ ಮೂಳೆಯ ತುದಿಗಳನ್ನು ಅವಧಿಗೆ ಮುಂಚೆ ಮುಚ್ಚಿಬಿಡುತ್ತದೆ. ಎತ್ತರ ನಿಲ್ಲಿಸುವುದು ಭಾರವಲ್ಲ, ಇದು. ಕಲಬೆರಕೆ ಪುಡಿಯಿಂದ ಉದ್ದೀಪನ ಮದ್ದು ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೂ ಹೊಣೆ ನಿನ್ನದೇ.

ಪಂದ್ಯದ ಹಿಂದಿನ ದಿನ ನೀರು ಬಿಟ್ಟು, ಬೆವರಿಳಿಸಿ ತೂಕ ಇಳಿಸುವುದಂತೂ ಬೇಡವೇ ಬೇಡ. 1997ರಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ಹಾಗೆ ಮಾಡುತ್ತಲೇ ಪ್ರಾಣ ಬಿಟ್ಟರು. ತೂಕ ಹೆಚ್ಚಿದ್ದರೆ ಮೇಲಿನ ವಿಭಾಗದಲ್ಲಿ ಆಡು.