ಮುರಕಲ್ಲಿನ ಅಂಗಳದಲ್ಲಿ ಮಲ್ಲಿಗೆ



ನಮ್ಮ ಉಡುಪಿ ಸೀಮೆಯಲ್ಲಿ ಹಿತ್ತಲಿನ ಮುರಕಲ್ಲು ಜಾಗವನ್ನು ‘ಇಲ್ಲಿ ಏನೂ ಆಗದು’ ಎಂದು ಬಿಟ್ಟುಬಿಡುವವರುಂಟು. ಶಂಕರಪುರದ ಸುತ್ತಲಿನ ಮಲ್ಲಿಗೆ ಗಿಡಗಳನ್ನು ನೋಡಿದವರು ಹಾಗೆನ್ನಲಾರರು. ಅಲ್ಲಿ ಅನೇಕ ಮನೆಗಳ ಹೆಂಗಸರು ಅಂಗಳದ ಗಿಡಗಳಿಂದಲೇ ದಿನದ ಖರ್ಚು ತೂಗಿಸುತ್ತಾರೆ. ಹೂವನ್ನು ಬಾಳೆನಾರಿನಲ್ಲಿ ಕಟ್ಟಿ, ಸುಮಾರು 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂದು ಮಾರುವುದು ಅಲ್ಲಿಯ ರೂಢಿ. ಒಂದು ಗಿಡ ಸತ್ತರೆ ಆ ಮನೆಗೆ ಅಷ್ಟು ವರಮಾನ ಖೋತಾ.

ಮಲ್ಲಿಗೆ ಹಲವು ವರ್ಷ ಬಾಳುವ ಗಿಡ, ಆದರೆ ಬಲು ನಾಜೂಕಿನದು. ಬೇಸಗೆಯಲ್ಲಿ ಬಾಡಿದ ಗಿಡ ನೀರು ಕೊಟ್ಟರೆ ಚೇತರಿಸಿಕೊಳ್ಳುತ್ತದೆ. ಬುಡದಲ್ಲಿ ನೀರು ನಿಂತು ಬೇರು ಕೊಳೆತದ್ದು ಬದುಕುವುದು ದುರ್ಲಭ. ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವ ನಾಡಿನಲ್ಲಿ ಇದನ್ನೇ ಮೊದಲು ಯೋಚಿಸತಕ್ಕದ್ದು.

ಮುರಕಲ್ಲಿನಲ್ಲಿ ಗುಂಡಿ ತೋಡಿ ಮಣ್ಣು ತುಂಬಿಸಿದರೆ ಸಾಕೆಂದು ಕೆಲವರು ತಿಳಿಯುತ್ತಾರೆ. ಗಟ್ಟಿ ಕಲ್ಲಿನ ಗುಂಡಿಯು ಮಳೆಗಾಲದಲ್ಲಿ ಬಾನಿಯಂತೆ ನೀರು ಹಿಡಿದಿಡುತ್ತದೆ. ತೋಡಿದೊಡನೆ ಒಂದೆರಡು ಕೊಡ ನೀರು ಸುರಿದು ನೋಡಿರಿ. ಮರುದಿನವೂ ನೀರು ನಿಂತಿದ್ದರೆ ಅಲ್ಲಿ ನೆಡಕೂಡದು. ಇಳಿಜಾರಿನ ಕಡೆಗೆ ಕಲ್ಲು ಕಡಿದು ಸಣ್ಣ ಕಣಿ ಬಿಡಿರಿ. ಅದಾಗದಿದ್ದರೆ ಗುಂಡಿಯ ಆಸೆ ಬಿಟ್ಟು, ಒಡೆದ ಮುರಕಲ್ಲುಗಳನ್ನೇ ಸುತ್ತಲೂ ಜೋಡಿಸಿ ಒಂದೂವರೆ ಅಡಿ ಎತ್ತರದ ಕಟ್ಟೆ ಮಾಡಿರಿ. ಚಂದ ಕಾಣಲೆಂದು ಸಂದಿಗಳಿಗೆ ಸಿಮೆಂಟು ಮೆತ್ತಬೇಡಿರಿ, ನೀರು ಹೊರಗೆ ಹೋಗಲು ಅದೇ ದಾರಿ. ಒಳಗೆ ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ ತುಂಬಿರಿ. ಹಸಿ ಸಗಣಿ ಕೂಡದು. ಬಿಸಿಲು ಧಾರಾಳವಾಗಿ ಬೀಳಬೇಕು. ತೆಂಗಿನ ನೆರಳಿನಲ್ಲಿ ಸೊಪ್ಪು ಬರುತ್ತದೆ, ಹೂ ಬಾರದು.

ಮಳೆಗಾಲದಲ್ಲಿ ಬುಡವನ್ನು ಆಗಾಗ ನೋಡುತ್ತಿರಬೇಕು. ಎಲೆ ಹಳದಿಯಾಗಿ, ಕಾಂಡದ ಬುಡದಲ್ಲಿ ಬಿಳಿ ನೂಲಿನಂತಹ ಬೂಷ್ಟು, ಅದರಲ್ಲಿ ಸಾಸಿವೆಯಂತಹ ಕಾಳು ಕಂಡರೆ ಅದು ಬುಡ ಕೊಳೆಯುವ ರೋಗ. ಆ ಗಿಡವನ್ನು ಬುಡದ ಮಣ್ಣುಸಹಿತ ಕಿತ್ತು ದೂರ ಒಯ್ಯಿರಿ. ಆ ಕಾಳುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತವೆ. ಅಕ್ಕಪಕ್ಕದ ಗಿಡಗಳ ಬುಡಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಸುರಿಯಿರಿ. ಅಡಿಕೆ ತೋಟವಿದ್ದವರಿಗೆ ಇದು ಹೊಸದಲ್ಲ. ಆದರೆ ಟ್ರೈಕೋಡರ್ಮಾ ಬೆರೆಸಿದ ಗೊಬ್ಬರವನ್ನು ಅದರೊಡನೆ ಹಾಕಬಾರದು. ಮೈಲುತುತ್ತು ಆ ಉಪಕಾರಿ ಬೂಷ್ಟನ್ನೂ ಕೊಲ್ಲುತ್ತದೆ.

ಮಳೆ ಬಿಟ್ಟ ಮೇಲೆ ಹಳೆಯ ರೆಂಬೆಗಳನ್ನು ಸವರಿರಿ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಸವರಲು ಮನಸ್ಸು ಬಾರದ ತಾಯಂದಿರೇ ಹೆಚ್ಚು! ಕಟ್ಟೆ ಕಟ್ಟುವ ಮನಸ್ಸುಳ್ಳವರು ಮಳೆ ಹಿಡಿಯುವ ಮುನ್ನವೇ ತಿಳಿಸಿರಿ, ಜಾಗ ನೋಡಲು ಬರುವೆನು.