ಶಾಲೆಯ ಲ್ಯಾಪ್‌ಟಾಪ್: ವಿದ್ಯಾರ್ಥಿಗಳ ನಿಯಮಗಳು ಮತ್ತು ಹೊಣೆಗಾರಿಕೆ – ಒಂದು ಬೋಧನಾಭ್ಯಾಸದ ಅನುಭವ

ಪೀಠಿಕೆ

ಬಿ.ಇಡ್. ವ್ಯಾಸಂಗದ ಭಾಗವಾದ ಶಾಲಾ ಇಂಟರ್ನ್‌ಶಿಪ್‌ಗಾಗಿ ನಮ್ಮ ತಂಡದವರನ್ನು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಹಂಚಲಾಗಿತ್ತು. ನನಗೆ ದೊರೆತದ್ದು ಮುಳಬಾಗಿಲು ತಾಲ್ಲೂಕಿನಲ್ಲಿ ಆಂಧ್ರದ ಗಡಿಗೆ ಹತ್ತಿರವಿರುವ ಒಂದು ಸರ್ಕಾರಿ ಪ್ರೌಢಶಾಲೆ. ವಿಜ್ಞಾನ ಪಾಠಗಳ ಜೊತೆಗೆ, 9ನೇ ತರಗತಿಯವರಿಗೆ ಶಾಲೆಯ ಲ್ಯಾಪ್‌ಟಾಪ್ ಬಳಕೆಯ ನಿಯಮಗಳನ್ನು ಹೇಳಿಕೊಡುವ ಕೆಲಸವನ್ನೂ ಮುಖ್ಯೋಪಾಧ್ಯಾಯಿನಿಯವರು ನನಗೆ ಒಪ್ಪಿಸಿದರು. ಒಂದೇ ಅವಧಿಯಲ್ಲಿ ಮುಗಿಯುವ ಸುಲಭದ ಪಾಠವೆಂದು ನಾನು ಭಾವಿಸಿದ್ದೆ. ಆ ಪಾಠ ಸೋತದ್ದು ಏಕೆ, ಎರಡನೆಯ ಸಲ ಅದನ್ನು ಹೇಗೆ ಯೋಜಿಸಿದೆ ಎಂಬುದನ್ನು ಪ್ರಶಿಕ್ಷಣಾರ್ಥಿ ಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಮಾಹಿತಿ ಸಿಂಧು ಯೋಜನೆಯ ಕಾಲದಿಂದ ಈಗಿನ ಟಾಲ್ಪ್ ಕಾರ್ಯಕ್ರಮದವರೆಗೆ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬರುತ್ತಲೇ ಇವೆ. ಇವು ಮಕ್ಕಳ ಮನೆಗೆ ಹೋಗುವುದಿಲ್ಲ. ಶಾಲೆಯ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿ, ಬೀರುವಿನಲ್ಲಿದ್ದು, ಅವಧಿಗೆ ಮಾತ್ರ ಮಕ್ಕಳ ಕೈಗೆ ಬರುತ್ತವೆ. ನಾನು ಬಿ.ಎಸ್ಸಿ.ಗೆ ಸೇರಿದ 2019–20ರಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಮೊದಲ ವರ್ಷದವರಿಗೆ ಸರ್ಕಾರ ಉಚಿತ ಲ್ಯಾಪ್‌ಟಾಪ್ ನೀಡಿತು. ನನಗೂ ಒಂದು ಬಂತು. ಅದು ನನ್ನದಾಗಿತ್ತು, ಕೆಟ್ಟರೆ ನಷ್ಟ ನನ್ನೊಬ್ಬಳದೇ. ಶಾಲೆಯ ಲ್ಯಾಪ್‌ಟಾಪ್ ಹಾಗಲ್ಲ. ಒಂದು ಅವಧಿಯಲ್ಲಿ ಇಬ್ಬರು ಕೂತು ಎದ್ದ ಮೇಲೆ ಮುಂದಿನ ಅವಧಿಗೆ ಇನ್ನಿಬ್ಬರು ಅದರ ಮುಂದೆ ಕೂರುತ್ತಾರೆ. ಹಲವರು ಬಳಸುವ ವಸ್ತುವಿಗೆ ನಿಯಮ ಬೇಕೇ ಬೇಕು. ಅದು ಎಂಥ ನಿಯಮ ಎಂಬುದೇ ಪ್ರಶ್ನೆ.

ಮೊದಲ ಪಾಠ

ಲ್ಯಾಬಿನ ಗೋಡೆಯ ಮೇಲೆ 14 ನಿಯಮಗಳ ಒಂದು ಸೂಚನಾಪತ್ರ ಅಂಟಿಸಿತ್ತು. ಅದನ್ನೇ ಓದಿ, ಅರ್ಥ ಹೇಳಿ, ಪುಸ್ತಕದಲ್ಲಿ ಬರೆಸಿದೆ. ಕೊನೆಯಲ್ಲಿ ಐದು ಪ್ರಶ್ನೆ ಕೇಳಿದಾಗ ಎಲ್ಲರೂ ಸರಿಯಾಗಿ ಉತ್ತರಿಸಿದರು. ನನ್ನ ಪಾಠ ವೀಕ್ಷಿಸಿದ ಸಹಪಾಠಿಯೂ ‘ಉದ್ದೇಶ ಈಡೇರಿದೆ’ ಎಂದೇ ಬರೆದಳು.

ಸುಮಾರು ಒಂದು ವಾರದ ನಂತರ ಒಂದು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ ಕೂಡಲೇ ಸುಟ್ಟ ವಾಸನೆ ಬಂದು ನಿಂತುಹೋಯಿತು. ರಿಪೇರಿಯವರು ಬಿಚ್ಚಿ ನೋಡಿ, ಒಳಗೆ ನೀರು ಹೋಗಿ ಮದರ್‌ಬೋರ್ಡಿನಲ್ಲಿ ತುಕ್ಕು ಹಿಡಿದಿದೆ, ಅಂದೇ ಆರಿಸಿ ತಂದಿದ್ದರೆ ಉಳಿಸಿಕೊಳ್ಳುವ ಸಾಧ್ಯತೆಯಿತ್ತು ಎಂದರು. ತರಗತಿಯಲ್ಲಿ ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಮರುದಿನ ಬಿಸಿಯೂಟದ ಹೊತ್ತಿನಲ್ಲಿ ಒಬ್ಬಳು ಹುಡುಗಿ ನನ್ನ ಬಳಿ ಬಂದು ಅಳುತ್ತಾ ನಿಂತಳು. ಹಿಂದಿನ ವಾರ ಅವಳ ಬಾಟಲಿ ಉರುಳಿ ಕೀಲಿಮಣೆಯ ಮೇಲೆ ನೀರು ಚೆಲ್ಲಿತ್ತು. ಅವಳೂ ಜೊತೆಗಾತಿಯೂ ಲಂಗದ ಅಂಚಿನಲ್ಲಿ ಒರೆಸಿ, ಮುಚ್ಚಿ, ಬೀರುವಿಗೆ ಇಟ್ಟುಬಿಟ್ಟಿದ್ದರು.

“ಆವತ್ತೇ ಯಾಕಮ್ಮ ಹೇಳಲಿಲ್ಲ?” ಎಂದು ಕೇಳಿದೆ.

“ಅಮ್ಮನ ಹತ್ರ ದುಡ್ಡು ಕೇಳ್ತಾರೆ ಮಿಸ್” ಎಂದಳು.

ಅವಳ ತಾಯಿ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುವವರು. ನಾನು ಸೂಚನಾಪತ್ರವನ್ನು ಮತ್ತೆ ಓದಿದೆ. 14ನೇ ನಿಯಮ: ‘ಹಾನಿಯಾದಲ್ಲಿ ಪೂರ್ಣ ಮೊತ್ತವನ್ನು ಪೋಷಕರಿಂದ ವಸೂಲಿ ಮಾಡಲಾಗುವುದು.’ ಈ ಶಾಲೆಯ ಅನೇಕ ಮಕ್ಕಳ ಮನೆಮಾತು ತೆಲುಗು. ‘ದುರ್ಬಳಕೆ’, ‘ಅನಧಿಕೃತ’ ಎಂಬ ಪದಗಳನ್ನು ನಾನು ಎರಡೆರಡು ಸಲ ಬಿಡಿಸಿ ಹೇಳಬೇಕಾಗಿತ್ತು. ‘ವಸೂಲಿ’ಯ ಅರ್ಥವನ್ನು ಮಾತ್ರ ಯಾರೂ ಕೇಳಿರಲಿಲ್ಲ.

ನಾಲ್ಕು ತಾಲ್ಲೂಕುಗಳ ಮಾತು

ಶನಿವಾರ ಕಾಲೇಜಿನಲ್ಲಿ ಸೇರಿದಾಗ ಈ ವಿಷಯ ಪ್ರಸ್ತಾಪಿಸಿದೆ. ಮಾಲೂರು ಕಡೆಯ ಶಾಲೆಗೆ ಹೋಗುತ್ತಿದ್ದ ಮಿತ್ರರು, ಇಟ್ಟಿಗೆ ಗೂಡುಗಳ ಧೂಳು ಕಿಟಕಿಯಿಂದ ಒಳಬರುವುದರಿಂದ ಫ್ಯಾನಿನ ಕಿಂಡಿ ಕಟ್ಟಿಕೊಂಡು ಯಂತ್ರಗಳು ಬಿಸಿಯಾಗುತ್ತವೆ, ಆದರೆ ಅಲ್ಲಿನ ನಿಯಮಪಟ್ಟಿಯಲ್ಲಿ ಧೂಳಿನ ಮಾತೇ ಇಲ್ಲ ಎಂದರು. ಕೋಲಾರ ನಗರದ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪಾಸ್‌ವರ್ಡ್. ಯಾರ ಕಡತವನ್ನು ಯಾರು ಅಳಿಸಿದರೆಂದು ಹೇಳುವಂತಿಲ್ಲ. ಶ್ರೀನಿವಾಸಪುರ ಕಡೆಯ ಶಾಲೆಯಲ್ಲಿ ಒಂದು ನಿಯಮವನ್ನೂ ಯಾರೂ ಮುರಿದಿರಲಿಲ್ಲ, ಏಕೆಂದರೆ ಲ್ಯಾಪ್‌ಟಾಪ್‌ಗಳು ಬೀರುವಿನಿಂದ ಹೊರಗೇ ಬಂದಿರಲಿಲ್ಲ.

ಊರು ಬೇರೆಯಾದರೂ ಪಟ್ಟಿಗಳು ಒಂದೇ ತರಹ ಇದ್ದವು. ಪ್ರತಿ ಸಾಲೂ ‘ಕೂಡದು’ ಎಂದು ಮುಗಿಯುತ್ತಿತ್ತು. ‘ಏಕೆ’ ಎಂಬುದು ಯಾವುದರಲ್ಲೂ ಇರಲಿಲ್ಲ, ಏನಾದರೂ ಆದರೆ ಏನು ಮಾಡಬೇಕೆಂಬುದೂ ಇರಲಿಲ್ಲ.

ಮುಖ್ಯೋಪಾಧ್ಯಾಯಿನಿಯವರೊಂದಿಗೆ ಚರ್ಚೆ

14ನೇ ನಿಯಮವನ್ನು ತೆಗೆಯಬಹುದೇ ಎಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. “ದಾಸ್ತಾನು ಪುಸ್ತಕದಲ್ಲಿ ನನ್ನ ಸಹಿ ಇದೆಯಮ್ಮ. ನಾಳೆ ಆಡಿಟ್‌ನಲ್ಲಿ ಒಂದು ಕಮ್ಮಿಯಾದರೆ ಉತ್ತರ ಹೇಳಬೇಕಾದವಳು ನಾನು” ಎಂದರು. ಆಗ ನನಗೆ ಅರ್ಥವಾಯಿತು. ಆ ನಿಯಮ ಮಕ್ಕಳ ಮೇಲಿನ ಸಿಟ್ಟಿನಿಂದ ಬಂದದ್ದಲ್ಲ. ಮೇಲಿನಿಂದ ಬಂದ ಭಯವೇ ಕೆಳಗಿನವರಿಗೆ ದಾಟಿ, ಕೊನೆಗೆ 14 ವರ್ಷದ ಹುಡುಗಿಯ ತಲೆಯ ಮೇಲೆ ಕೂತಿತ್ತು.

ಘಟನೆಯಾದ ದಿನವೇ ಬರೆದಿಟ್ಟ ದಾಖಲೆ ಇದ್ದರೆ ಆಡಿಟ್‌ನಲ್ಲಿ ತೋರಿಸಲು ಅನುಕೂಲವಲ್ಲವೇ ಎಂದು ಕೇಳಿದೆ. ಅವರು ಯೋಚಿಸಿ, ವಿಷಯವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ತಂದರು. ಆಕಸ್ಮಿಕ ಹಾನಿಗೆ ಪೋಷಕರಿಂದ ಹಣ ಕೇಳುವುದಿಲ್ಲ. ಬೇಕೆಂದೇ ಮಾಡಿದ ಹಾನಿಯನ್ನು ಸಮಿತಿಯ ಮುಂದಿಡುವುದು. ಪ್ರತಿ ಘಟನೆಯನ್ನೂ ಅಂದೇ ಬರೆಯುವುದು ಎಂದು ತೀರ್ಮಾನವಾಯಿತು. ಸಮಿತಿ ಒಪ್ಪುವ ಮೊದಲು ಮಕ್ಕಳಿಗೆ ನಾನು ಯಾವ ಭರವಸೆಯನ್ನೂ ಕೊಡಲಿಲ್ಲ. ಉಳಿಸಿಕೊಳ್ಳಲಾಗದ ಮಾತು ಕೊಡುವುದು ಪ್ರಶಿಕ್ಷಣಾರ್ಥಿಗೆ ಸಲ್ಲದು.

ಎರಡನೆಯ ಪಾಠದ ಯೋಜನೆ

ತರಗತಿ: 9. ಅವಧಿ: 2.

ಕಲಿಕಾ ಫಲಗಳು: ವಿದ್ಯಾರ್ಥಿಯು (1) ಪ್ರತಿ ನಿಯಮದ ಕಾರಣವನ್ನು ತನ್ನ ಮಾತಿನಲ್ಲಿ ಹೇಳುವನು, (2) ಅವಘಡವಾದಾಗ ಮಾಡಬೇಕಾದ ಕ್ರಮವನ್ನು ಮಾಡಿ ತೋರಿಸುವನು, (3) ತನ್ನ ಹೊಣೆ ಮತ್ತು ಶಾಲೆಯ ಹೊಣೆ ಎರಡನ್ನೂ ಗುರುತಿಸುವನು.

ತೊಡಗಿಸಿಕೊಳ್ಳುವಿಕೆ: “ನಿಮ್ಮೂರಿನಲ್ಲಿ ಎಲ್ಲರೂ ಬಳಸುವ, ಯಾರೊಬ್ಬರದೂ ಅಲ್ಲದ ವಸ್ತು ಯಾವುದು?” ಎಂದು ಕೇಳಿದೆ. ಶುದ್ಧ ನೀರಿನ ಘಟಕ, ಬಸ್ ನಿಲ್ದಾಣ, ಡೈರಿಯ ತಕ್ಕಡಿ ಎಂದರು. ನೀರಿನ ಘಟಕ ಕೆಟ್ಟರೆ ಯಾರು ಹೇಳುತ್ತಾರೆ ಎಂಬುದರಿಂದ ಚರ್ಚೆ ಶುರುವಾಯಿತು. ಸಾರ್ವಜನಿಕ ಆಸ್ತಿಯನ್ನು ರಕ್ಷಿಸುವುದು ಸಂವಿಧಾನದ 51ಎ ವಿಧಿಯಲ್ಲಿರುವ ಮೂಲಭೂತ ಕರ್ತವ್ಯಗಳಲ್ಲಿ ಒಂದು ಎಂಬುದನ್ನು ಇಲ್ಲಿ ಜೋಡಿಸಿದೆ.

ಅನ್ವೇಷಣೆ: ಮೂರು ಗುಂಪುಗಳಿಗೆ ಮೂರು ಚಟುವಟಿಕೆ ಕೊಟ್ಟೆ.

ಮೊದಲ ಗುಂಪಿಗೆ 9 ವೋಲ್ಟ್ ಬ್ಯಾಟರಿ, ಒಂದು ರೋಧಕ, ಎಲ್‌ಇಡಿ ಮತ್ತು ಎರಡು ತಂತಿ. ತಂತಿಯ ತುದಿಗಳನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಅದ್ದಿದಾಗ ಎಲ್‌ಇಡಿ ಹೊತ್ತಲಿಲ್ಲ. ಶಾಲೆಯ ಬೋರ್‌ವೆಲ್ ನೀರಿನಲ್ಲಿ ಮಂದವಾಗಿ ಹೊತ್ತಿತು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಲವಣಗಳು ಹೆಚ್ಚು. ಅವು ಕರಗಿದ ನೀರು ವಿದ್ಯುತ್ತನ್ನು ಹರಿಯಬಾರದ ದಾರಿಯಲ್ಲಿ ಹರಿಸುತ್ತದೆ. 8ನೇ ತರಗತಿಯಲ್ಲಿ ಓದಿದ ‘ವಿದ್ಯುತ್ ಪ್ರವಾಹದ ರಾಸಾಯನಿಕ ಪರಿಣಾಮಗಳು’ ಪಾಠವನ್ನು ಮಕ್ಕಳೇ ನೆನಪಿಸಿಕೊಂಡರು.

ಎರಡನೆಯ ಗುಂಪು ಚಾರ್ಜರಿನ ಮೇಲಿನ ಬರಹ ಓದಿತು. ಗೋಡೆಯಿಂದ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್, ಲ್ಯಾಪ್‌ಟಾಪಿಗೆ ಹೋಗುವುದು ಸುಮಾರು 19 ವೋಲ್ಟಿನ ನೇರ ವಿದ್ಯುತ್. ಕಂಡ ಕಂಡ ಚಾರ್ಜರ್ ಏಕೆ ಚುಚ್ಚಬಾರದು, ಲ್ಯಾಪ್‌ಟಾಪನ್ನು ಬಟ್ಟೆಯ ಮೇಲಿಟ್ಟು ಗಾಳಿಕಿಂಡಿ ಏಕೆ ಮುಚ್ಚಬಾರದು ಎಂಬುದನ್ನು ಅವರೇ ಹೇಳಿದರು.

ಮೂರನೆಯ ಗುಂಪಿಗೆ ಲೆಕ್ಕ. ನಾಲ್ಕು ಅಂಕಿಯ ಗುಪ್ತಸಂಖ್ಯೆಗೆ 10,000 ಸಾಧ್ಯತೆಗಳಿವೆ. ಹುಟ್ಟಿದ ದಿನ ಮತ್ತು ತಿಂಗಳನ್ನೇ ಗುಪ್ತಸಂಖ್ಯೆ ಮಾಡಿಕೊಂಡರೆ ಉಳಿಯುವುದು 366 ಮಾತ್ರ. ಗೆಳೆಯರಿಗೆ ಹುಟ್ಟುಹಬ್ಬ ಗೊತ್ತಿದ್ದರೆ? “ಒಂದೇ ಮಿಸ್!” ಎಂದು ನಕ್ಕರು.

ವಿವರಣೆ: ಇನ್ನೊಬ್ಬರ ಪಾಸ್‌ವರ್ಡನ್ನು ಮೋಸದ ಉದ್ದೇಶದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಡಿ ಅಪರಾಧ ಎಂದು ತಿಳಿಸಿದೆ. ಆನ್‌ಲೈನಿನಲ್ಲಿ ಯಾರಾದರೂ ಹೆದರಿಸಿದರೆ ಅಥವಾ ಫೋಟೊ ಕೇಳಿದರೆ ಶಿಕ್ಷಕರಿಗೆ ಹೇಳಬೇಕು. ಮಕ್ಕಳ ಸಹಾಯವಾಣಿ 1098, ಸೈಬರ್ ವಂಚನೆಗೆ 1930 ಎಂದು ಬರೆಸಿದೆ. ಅಂತರ್ಜಾಲದಿಂದ ಸಾಲುಗಳನ್ನು ನಕಲು ಮಾಡಿ ತನ್ನದೆಂದು ಕೊಡುವುದೂ ಲ್ಯಾಪ್‌ಟಾಪಿನ ದುರ್ಬಳಕೆಯೇ ಎಂಬುದನ್ನು ಒಂದು ಯೋಜನಾ ಕಾರ್ಯದ ಉದಾಹರಣೆಯಿಂದ ತೋರಿಸಿದೆ.

ವಿಸ್ತರಣೆ: ಮಕ್ಕಳು ತಾವೇ ನಿಯಮಗಳನ್ನು ಬರೆದರು. 14 ಇದ್ದದ್ದು 7 ಆಯಿತು.

1. ಏನಾದರೂ ಆದರೆ ಆ ಕ್ಷಣವೇ ಹೇಳುತ್ತೇವೆ. ಹೇಳಿದವರನ್ನು ಬೈಯುವುದಿಲ್ಲ.
2. ನೀರಿನ ಬಾಟಲಿ ಬಾಗಿಲ ಹತ್ತಿರದ ಬೆಂಚಿನ ಮೇಲೆ. ನೀರು ಬಿದ್ದರೆ ಚಾರ್ಜರ್ ಕೀಳು, ಯಂತ್ರ ಆರಿಸು, ಮತ್ತೆ ಹಾಕಬೇಡ.
3. ಎರಡೂ ಕೈಯಲ್ಲಿ ಹಿಡಿಯುತ್ತೇವೆ, ಪರದೆ ಹಿಡಿದು ಎತ್ತುವುದಿಲ್ಲ.
4. ಗಾಳಿಕಿಂಡಿ ಮುಚ್ಚುವುದಿಲ್ಲ, ಶನಿವಾರ ಒಣಬಟ್ಟೆಯಲ್ಲಿ ಧೂಳು ಒರೆಸುತ್ತೇವೆ.
5. ನನ್ನ ಪಾಸ್‌ವರ್ಡ್ ನನಗೆ ಮಾತ್ರ. ಬೇರೆಯವರ ಕಡತ ತೆರೆಯುವುದಿಲ್ಲ.
6. ಎಲ್ಲಿಂದ ತೆಗೆದುಕೊಂಡೆವು ಎಂದು ಬರೆಯುತ್ತೇವೆ.
7. ಅರ್ಧ ಅವಧಿ ನೀನು, ಅರ್ಧ ಅವಧಿ ನಾನು.

ಏಳನೆಯದು ನನಗೆ ಹೊಳೆದಿರಲಿಲ್ಲ. ಇಬ್ಬರಿಗೊಂದು ಯಂತ್ರವಿದ್ದಾಗ ಗಟ್ಟಿಯಾದವರೇ ಕೀಲಿಮಣೆ ಹಿಡಿಯುತ್ತಾರೆ ಎಂದು ಹಿಂದಿನ ಬೆಂಚಿನ ಒಬ್ಬ ಹುಡುಗ ಹೇಳಿದ. ಪಟ್ಟಿಯ ಪಕ್ಕದಲ್ಲೇ ಶಾಲೆಯ ಹೊಣೆಯನ್ನೂ ಬರೆದೆವು: ಬೆಂಚು ಅಲುಗದಂತೆ ನೋಡುವುದು, ವೈರು ಕಾಲಿಗೆ ಸಿಗದಂತೆ ಕಟ್ಟುವುದು, ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿಕೊಡುವುದು, ಕೆಟ್ಟದ್ದನ್ನು ಬೇಗ ರಿಪೇರಿಗೆ ಕಳಿಸುವುದು.

ಮೌಲ್ಯಮಾಪನ: ಬಾಯಿಪಾಠದ ಪ್ರಶ್ನೆಗಳನ್ನು ಬಿಟ್ಟು, ‘ನೀರು ಚೆಲ್ಲಿದೆ, ಈಗ ಏನು ಮಾಡುವಿರಿ?’ ಎಂದು ಪ್ರತಿ ಜೋಡಿಯಿಂದ ಮಾಡಿಸಿ ನೋಡಿದೆ.

ಫಲಿತ

ಬೀರುವಿನ ಬಾಗಿಲಿಗೆ ಒಂದು ನೋಟ್ ಪುಸ್ತಕ ಕಟ್ಟಿದೆವು: ದಿನಾಂಕ, ಯಂತ್ರದ ಸಂಖ್ಯೆ, ಏನಾಯಿತು, ಯಾರಿಗೆ ಹೇಳಿದೆವು. ಮುಂದಿನ ಮೂರು ವಾರದಲ್ಲಿ ನಾಲ್ಕು ದಾಖಲೆ ಬಂದವು. ಚಾರ್ಜರಿನ ಪಿನ್ನು ಸಡಿಲ. ಒಂದು ಕೀಲಿ ಎದ್ದುಬಂದದ್ದು. ಬಹುಮಾನ ಬಂದಿದೆ ಎಂಬ ಅಪರಿಚಿತ ಸಂದೇಶ. ಬೆಂಚಿನಿಂದ ಜಾರಿ ಬಿದ್ದದ್ದು. ‘ನಿಮ್ಮ ಪಾಠದ ನಂತರ ಹಾನಿ ಹೆಚ್ಚಾಗಿದೆಯಲ್ಲ’ ಎಂದು ಒಬ್ಬ ಶಿಕ್ಷಕರು ತಮಾಷೆ ಮಾಡಿದರು. ಮೊದಲೂ ಇಷ್ಟೇ ಆಗುತ್ತಿದ್ದಿರಬೇಕು, ಯಾರೂ ಹೇಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ನಾಲ್ಕರಲ್ಲಿ ಮೂರು ಅದೇ ವಾರ ಸರಿಯಾದವು.

ಇತಿಮಿತಿ ಮತ್ತು ಸಲಹೆಗಳು

ಇದು ಒಂದು ಶಾಲೆಯ ಒಂದು ತರಗತಿಯ ಅನುಭವ ಮಾತ್ರ. ಸಮಿತಿ ಒಪ್ಪದಿದ್ದರೆ ಮೊದಲ ನಿಯಮ ಬರೆಯಲು ಆಗುತ್ತಿರಲಿಲ್ಲ. ನೀರು ಚೆಲ್ಲಿದ ಆ ಹುಡುಗಿ, ನಾನು ಶಾಲೆ ಬಿಡುವವರೆಗೂ ತನ್ನ ಅರ್ಧ ಅವಧಿಯನ್ನು ಜೊತೆಗಾತಿಗೇ ಬಿಟ್ಟುಕೊಡುತ್ತಿದ್ದಳು. ಭಯವನ್ನು ಕಲಿಸಲು ನನಗೆ ಒಂದು ಅವಧಿ ಸಾಕಾಗಿತ್ತು. ಬಿಡಿಸಲು ಇಡೀ ಇಂಟರ್ನ್‌ಶಿಪ್ ಸಾಲಲಿಲ್ಲ. ಅವಳ ವಿಷಯವನ್ನು ತರಗತಿ ಶಿಕ್ಷಕಿಯವರಿಗೆ ತಿಳಿಸಿ ಬಂದಿದ್ದೇನೆ.

ಮುಂದೆ ಈ ಪಾಠ ಮಾಡುವವರಿಗೆ ಮೂರು ಮಾತು. ಗೋಡೆಯ ಪಟ್ಟಿಯನ್ನು ಓದಿಸುವ ಮೊದಲು, ಅದರಲ್ಲಿ ಯಾವ ಸಾಲು ಮಗುವಿನ ಬಾಯಿ ಮುಚ್ಚಿಸುತ್ತದೆ ಎಂದು ನೋಡಿಕೊಳ್ಳಿ. ಕಾರಣ ತೋರಿಸಬಹುದಾದ ನಿಯಮಕ್ಕೆ ಪ್ರಯೋಗದಿಂದಲೇ ಕಾರಣ ತೋರಿಸಿ. ವಿಜ್ಞಾನದವರಾದ ನಮಗೆ ಅದು ಕಷ್ಟವಲ್ಲ. ಹೊಣೆಯನ್ನು ಮಕ್ಕಳ ಮೇಲೆ ಮಾತ್ರ ಹೊರಿಸದೆ ಶಾಲೆಯ ಪಾಲನ್ನೂ ಅದೇ ಹಾಳೆಯಲ್ಲಿ ಬರೆಯಿರಿ.